ಜಗದಾಂಬಾ ಹಿಡಿದ ಸೊಳ್ಳೆಗಳು

ಸೊಳ್ಳೆ ಹೊಡೆಯುವುದು ಎಲ್ಲರಿಗೂ ಬರುತ್ತದೆ. ರೆಕ್ಕೆ ಮುರಿಯದ ಹಾಗೆ, ಹೊಟ್ಟೆಯೊಳಗಿನ ರಕ್ತ ಒಡೆಯದ ಹಾಗೆ ಅದನ್ನು ಜೀವಂತ ಹಿಡಿಯುವುದಿದೆಯಲ್ಲ, ಅದು ಬೇರೆಯೇ ವಿದ್ಯೆ. ಶಿವಮೊಗ್ಗದ ಗೋಪಾಳದಲ್ಲಿ ಮಗಳು ರಕ್ಷಾಳ ಜೊತೆ ಬಾಡಿಗೆ ಮನೆಯಲ್ಲಿರುವ ಜಗದಾಂಬಾ ಅದನ್ನು ಕಲಿತದ್ದು ನಲವತ್ತೆರಡನೆಯ ವಯಸ್ಸಿನಲ್ಲಿ, ಗಂಡ ಸತ್ತ ಮೇಲೆ. ಗಂಡ ಮಂಜಪ್ಪ ಮಲೇರಿಯಾ ವಿಭಾಗದಲ್ಲಿ ಇನ್ಸೆಕ್ಟ್ ಕಲೆಕ್ಟರ್ ಆಗಿದ್ದ. ಅಂದರೆ ಊರೂರು ತಿರುಗಿ ಸೊಳ್ಳೆ ಹಿಡಿದು ತರುವ ನೌಕರ. ಒಂದು ದಿನ ಬೆಳಗಿನ ಬಸ್ಸಿನಲ್ಲಿ ಭದ್ರಾವತಿಗೆ ಹೊರಟವನು ಕೂತ ಸೀಟಿನಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಅನುಕಂಪದ ಆಧಾರದ ಮೇಲೆ ಅವನ ಕೆಲಸ ಇವಳಿಗೆ ಬಂತು. ಇವಳು ಫೈಲು ಎತ್ತಿಡುತ್ತ, ಟೀ ಕುಡಿಯುತ್ತ ಕಾಲ ಹಾಕುತ್ತಾಳೆ ಎಂದು ಕಚೇರಿಯವರು ಎಣಿಸಿದ್ದರು. ಅವಳು ಮೂರನೆಯ ದಿನವೇ ಗಂಡನ ಬೀರು ತೆಗೆದು, ಅವನ ಹೀರುಗೊಳವೆ ಹಿಡಿದುಕೊಂಡು ಬಂದು, "ಇದನ್ನ ಹೇಗೆ ಹಿಡ್ಕೋಬೇಕು, ಯಾರಾದ್ರೂ ತೋರಿಸಿ" ಎಂದಳು.

ಒಂದು ಗೇಣು ಗಾಜಿನ ಕೊಳವೆ, ಅದರ ಹಿಂದೆ ಮೊಳದುದ್ದದ ರಬ್ಬರ್ ನಳಿಕೆ. ನಳಿಕೆಯ ತುದಿ ಬಾಯಲ್ಲಿ. ಗೋಡೆಯ ಮೇಲೆ ಟಾರ್ಚ್ ಬಿಡಬೇಕು, ಸೊಳ್ಳೆ ಕಂಡರೆ ಗಾಜಿನ ಬಾಯನ್ನು ಅದರ ಮೇಲೆ ತಂದು ಚಿಕ್ಕದೊಂದು ಉಸಿರು ಎಳೆಯಬೇಕು. ನಡುವೆ ತೆಳು ಬಟ್ಟೆ ಇರುವುದರಿಂದ ಅದು ಬಾಯಿಗೆ ಬರುವುದಿಲ್ಲ. ಜೋರಾಗಿ ಎಳೆದರೆ ಹೊಟ್ಟೆ ಒಡೆಯುತ್ತದೆ, ಮೆಲ್ಲಗೆ ಎಳೆದರೆ ಹಾರಿಹೋಗುತ್ತದೆ. ಆರು ತಿಂಗಳಲ್ಲಿ ಅವಳ ಉಸಿರು ಹದಕ್ಕೆ ಬಂತು. ಮಲೇರಿಯಾ ಹರಡುವ ಸೊಳ್ಳೆ ಉಳಿದವುಗಳ ಹಾಗೆ ಗೋಡೆಗೆ ಸಮನಾಗಿ ಕೂರುವುದಿಲ್ಲ, ತಲೆ ತಗ್ಗಿಸಿ ಹಿಂಭಾಗ ಎತ್ತಿ ಕೂರುತ್ತದೆ. ಹೊಟ್ಟೆ ಕೆಂಪಗಿದ್ದರೆ ರಾತ್ರಿ ಕುಡಿದ ರಕ್ತ, ಕಪ್ಪಗಿದ್ದರೆ ಹಳೆಯದು, ಬೆಳ್ಳಗೆ ಉಬ್ಬಿದ್ದರೆ ಮೊಟ್ಟೆ. ಹೊಟ್ಟೆ ತುಂಬಿದ್ದಕ್ಕೆ ದೂರ ಹಾರಲಾಗದು. ಕುಡಿದ ಜಾಗದ ಹತ್ತಿರವೇ ಕತ್ತಲೆಯ ಮೂಲೆ ನೋಡಿ ಕೂತುಬಿಡುತ್ತದೆ. ಮನೆಯ ಬಾಗಿಲು ತೆರೆದು ಬೆಳಕು ಓಡಾಡುವ ಮೊದಲೇ ಹಿಡಿಯಬೇಕು. ಇದೆಲ್ಲ ಅವಳಿಗೆ ಆರತಿ ಹಾಡಿನಷ್ಟು ಬಾಯಿಪಾಠ.

ಭದ್ರಾವತಿಯ ಕಾಗದನಗರ ದಾಟಿ ಸ್ವಲ್ಪ ದೂರ ಹೋದರೆ ನೀರಾವರಿ ಚಾನಲ್ಲಿನ ಪಕ್ಕಕ್ಕೆ ಇಪ್ಪತ್ತೆಂಟು ಮನೆಗಳ ಬೀದಿಯೊಂದಿದೆ. ಜನ ಚಾನಲ್ ಬೀದಿ ಎನ್ನುತ್ತಾರೆ. ಗದ್ದೆಯವರು ಇದ್ದಾರೆ, ಕಾಗದದ ಕಾರ್ಖಾನೆಯ ಕೆಲಸ ಹೋದ ಮೇಲೆ ಹಸು ಕಟ್ಟಿ ಹಾಲು ಹಾಕುವವರೂ ಇದ್ದಾರೆ. ನಿಂತ ನೀರು ಬೇಕಾದಷ್ಟು, ಸೊಳ್ಳೆಯೂ ಬೇಕಾದಷ್ಟು. ಪ್ರತಿ ಮಳೆಗಾಲಕ್ಕೆ ಮುಂಚೆ ಮನೆಯೊಳಗಿನ ಗೋಡೆಗೆ ಔಷಧಿ ಹೊಡೆಯುವ ಪಟ್ಟಿಯಲ್ಲಿ ಈ ಬೀದಿ ಇತ್ತು. ಮೂರು ವರ್ಷದ ಹಿಂದೆ ಕಚೇರಿಗೆ ಬಂದ ಕೀಟಶಾಸ್ತ್ರದ ಅಧಿಕಾರಿ ನವೀನ್‌ಗೆ ಒಂದು ಪ್ರಶ್ನೆ ಎದ್ದಿತು. ಈ ಸೊಳ್ಳೆಗಳು ಕುಡಿಯುವುದು ಮನುಷ್ಯರ ರಕ್ತವನ್ನೋ, ಹಸುವಿನದನ್ನೋ? ಹಸುವಿನದೇ ಆದರೆ ಇಲ್ಲಿಯ ಔಷಧಿಯನ್ನು ಬೇರೆ ಕಡೆಗೆ ಕಳಿಸಬಹುದು. ಜಗದಾಂಬಾ ಹನ್ನೆರಡು ಮಂಗಳವಾರ ಬೆಳಗ್ಗೆ ಅಲ್ಲಿಗೆ ಹೋಗಿ ಸೊಳ್ಳೆ ಹಿಡಿಯಬೇಕು, ಹೊಟ್ಟೆಯನ್ನು ಫಿಲ್ಟರ್ ಪೇಪರಿಗೆ ಒತ್ತಬೇಕು, ಪಕ್ಕದಲ್ಲಿ ಎಲ್ಲಿ ಹಿಡಿದದ್ದು ಎಂದು ಪೆನ್ಸಿಲಿನಲ್ಲಿ ಬರೆಯಬೇಕು. ಪೇಪರು ಬೆಂಗಳೂರಿಗೆ ಹೋಗುತ್ತದೆ, ಅಲ್ಲಿಂದ ಉತ್ತರ ಬರುತ್ತದೆ.

ನವೀನ್ ಚಿಕ್ಕ ವಯಸ್ಸಿನವನಾದರೂ ತಿಳಿದವನು. "ಮೇಡಂ, ಅರ್ಧ ಮನೆಯೊಳಗಿಂದ ಬರ್ಬೇಕು, ಅರ್ಧ ಕೊಟ್ಟಿಗೆಯಿಂದ," ಎಂದು ಒತ್ತಿ ಹೇಳಿದ. "ಬರೀ ಕೊಟ್ಟಿಗೇಲಿ ಹಿಡಿದ್ರೆ ಬರೀ ಹಸುವಿನ ರಕ್ತಾನೇ ಸಿಗುತ್ತೆ. ಬಾಳೆಹಣ್ಣಿನ ಅಂಗಡಿ ಮುಂದೆ ನಿಂತು, ಊರಿನೋರು ಏನು ತಿಂತಾರೆ ಅಂತ ಲೆಕ್ಕ ಹಾಕಿದಂಗಾಗುತ್ತೆ."

ಮೊದಲ ಮಂಗಳವಾರ ಆರು ಗಂಟೆಗೆ ಅವಳು ಬೀದಿಯ ಮೊದಲ ಮನೆಯ ಮುಂದೆ ನಿಂತಳು. ಅದು ವೀರಪ್ಪನವರ ಮನೆ. ಅವರ ಹೆಂಡತಿ ಕಲ್ಲಮ್ಮ ಅಂಗಳಕ್ಕೆ ನೀರು ಹಾಕಿ ರಂಗೋಲಿ ಎಳೆಯುತ್ತಿದ್ದವರು ತಲೆ ಎತ್ತಿದರು. ಬೋಳು ಹಣೆ ನೋಡಿದರು. ನೋಟ ಅಲ್ಲಿಂದ ಕೆಳಗಿಳಿದು ಕೈಗೆ ಹೋಯಿತು. ಅಲ್ಲಿ ಬಳೆಯೂ ಇಲ್ಲ.

"ಓ, ಮಂಜಪ್ಪೋರ ಮನೆಯೋರಾ? ಪಾಪ, ಒಳ್ಳೆ ಮನುಷ್ಯ," ಎಂದರು. "ಒಳಗೆ ಇನ್ನೂ ಯಾರೂ ಎದ್ದಿಲ್ಲ ಕಣಮ್ಮ. ಕೊಟ್ಟಿಗೆ ಕಡೆ ಹೋಗು, ಅಲ್ಲಿ ಬೇಕಾದಷ್ಟು ಇದಾವೆ."

ಒಳಗಿನಿಂದ ವೀರಪ್ಪನವರು ಗಂಟಲು ಸರಿಮಾಡಿಕೊಳ್ಳುವ ಸದ್ದು ಕೇಳುತ್ತಿತ್ತು. ಜಗದಾಂಬಾ ಪಕ್ಕದ ಓಣಿಯಿಂದ ಕೊಟ್ಟಿಗೆಗೆ ಹೋದಳು. ಎರಡನೆಯ ವಾರ ಅವರು ಪೂಜೆಗೆ ಕೂತಿದ್ದರು. ಮೂರನೆಯ ವಾರ ಕಲ್ಲಮ್ಮ ಪಕ್ಕದ ಮನೆಯ ಪುಷ್ಪಮ್ಮನಿಗೆ ಹೇಳುತ್ತಿದ್ದುದು ಓಣಿಯಲ್ಲಿದ್ದ ಜಗದಾಂಬಾಳ ಕಿವಿಗೆ ಬಿತ್ತು: "ಎದ್ದ ತಕ್ಷಣ ಅಂಥ ಮುಖ ನೋಡಿದ್ರೆ ಆಗುತ್ತೇನೆ ಮಾರಾಯ್ತಿ? ನಮ್ಮ ಮನೆಯೋರಿಗೆ ಮೊದ್ಲೇ ಬಿಪಿ."

ಸೂತಕವನ್ನೇ ಒಪ್ಪದ ಮತದವರು ಅವರು. ಹಣೆ ತುಂಬ ವಿಭೂತಿ, ಶರಣರ ಮಾತು ನಾಲಗೆ ತುದಿಯಲ್ಲಿ. ಶರಣರು ಏನೇ ಹೇಳಿರಲಿ, ಬೆಳಗಿನ ಆರು ಗಂಟೆಗೆ ಹೊಸ್ತಿಲ ಹತ್ತಿರ ಬೇರೆಯೇ ಕಾನೂನು ನಡೆಯುತ್ತಿತ್ತು. ಹಾಗೆಂದು ಕಲ್ಲಮ್ಮ ಕೆಟ್ಟವರಲ್ಲ. ಪ್ರತಿ ವಾರವೂ ಕೊಟ್ಟಿಗೆಗೇ ಲೋಟ ತುಂಬ ಕಾಫಿ ಕಳಿಸುತ್ತಿದ್ದರು, ಹಸು ಒದೆಯುತ್ತದೆ ಹುಷಾರು ಎನ್ನುತ್ತಿದ್ದರು. ನಮ್ಮ ಜನ ಕೊರಳು ಕೊಯ್ಯುವಾಗಲೂ ಕಾಫಿ ಕೊಡುವುದನ್ನು ಮರೆಯುವುದಿಲ್ಲ. ಮೊದಲ ಮನೆಯ ರೀತಿ ಬೀದಿಗೇ ಹಬ್ಬಿತು. ಹನ್ನೆರಡು ವಾರದಲ್ಲಿ ಒಂದೇ ಒಂದು ಮನೆಯ ಹೊಸ್ತಿಲನ್ನೂ ಅವಳು ದಾಟಲಿಲ್ಲ.

ಇದನ್ನು ನವೀನ್‌ಗೆ ಹೇಳಬೇಕಿತ್ತು. ಹೇಗೆ ಹೇಳುವುದು? "ನಾನು ವಿಧವೆ, ಅದಕ್ಕೆ ಬಿಡ್ತಿಲ್ಲ ಸರ್" ಎಂದು ಮಗನ ವಯಸ್ಸಿನವನ ಮೇಜಿನ ಮುಂದೆ ನಿಂತು ಹೇಳುವುದೆಂದರೆ ಆ ಮಾತನ್ನು ತನ್ನ ಬಾಯಿಂದಲೇ ಒಪ್ಪಿಕೊಂಡ ಹಾಗೆ. ಹೆಂಗಸರಿಗೆ ಈ ಕೆಲಸ ಆಗುವುದಿಲ್ಲ ಎಂದು ಮೊದಲ ದಿನವೇ ನಕ್ಕವರು ಇನ್ನೊಮ್ಮೆ ನಗುತ್ತಿದ್ದರು. ಮೂರನೆಯ ಮಂಗಳವಾರ ಅವಳು ವೀರಪ್ಪನವರ ಕೊಟ್ಟಿಗೆಯ ಗೋದಲಿಯ ಅಂಚಿನಲ್ಲಿ ಕೂತು, ಅಲ್ಲೇ ಹಿಡಿದ ಇಪ್ಪತ್ತು ಸೊಳ್ಳೆಗಳನ್ನು ಪೇಪರಿಗೆ ಒತ್ತಿದಳು. ಹತ್ತರ ಪಕ್ಕ ಕೊಟ್ಟಿಗೆ ಎಂದು ಬರೆದಳು. ಉಳಿದ ಹತ್ತರ ಪಕ್ಕ ಮನೆ ಎಂದು ಬರೆದಳು. ಬರೆಯುವಾಗ ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು. ನಾಲ್ಕನೆಯ ವಾರ ಎರಡೂ ಬರಲಿಲ್ಲ, ಕೈ ತಾನೇ ಬರೆಯಿತು.

ಬೆಂಗಳೂರಿನ ಉತ್ತರ ಬಂದಾಗ ನವೀನ್ ಕುರ್ಚಿಯಿಂದ ಎದ್ದು ಬಂದಿದ್ದ. "ಮೇಡಂ, ಒಂದಾದ್ರೂ ಮನುಷ್ಯರ ರಕ್ತ ಇಲ್ಲ! ಮನೆಯೊಳಗೆ ಹಿಡಿದದ್ದರಲ್ಲೂ ಹಸುವಿನದೇ! ಈ ಬೀದಿ ಸೊಳ್ಳೆ ಹಸುವನ್ನ ಬಿಟ್ಟು ಬೇರೆ ಕಡೆ ಹೋಗೋದೇ ಇಲ್ಲ." ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವನಲ್ಲ ಅವನು. ಆದರೆ ಚೀಟಿಯ ಮೇಲೆ ಮನೆ ಎಂದು ಬರೆದಿರುವಾಗ ಅನುಮಾನ ಯಾಕೆ ಬರಬೇಕು? ಮುಂದಿನ ವರ್ಷ ಔಷಧಿ ಹೊಡೆಯುವ ಪಟ್ಟಿಯಿಂದ ಚಾನಲ್ ಬೀದಿ ಬಿಟ್ಟುಹೋಯಿತು. ಇರಬಹುದು, ನಿಜವಾಗಿಯೂ ಎಲ್ಲ ಹಸುವಿನದೇ ಇರಬಹುದು ಎಂದು ಜಗದಾಂಬಾ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡು ಹೇಳಿಕೊಂಡು ಅರ್ಧ ನಂಬಿದಳು.

ಎರಡು ವರ್ಷ ಕಳೆಯಿತು. ಯಾರ ಮುಖ ನೋಡಿಯೋ ನೋಡದೆಯೋ, ವೀರಪ್ಪನವರು ಲಕ್ವ ಹೊಡೆದು ತೀರಿಕೊಂಡರು. ಮಗ ಮಲ್ಲಿಕ್‌ಗೆ ಶಿವಮೊಗ್ಗದ ಹತ್ತಿರದ ಫೌಂಡ್ರಿಯಲ್ಲಿ ರಾತ್ರಿ ಪಾಳಿ. ಕಲ್ಲಮ್ಮನ ಮಂಡಿ ಹಿಡಿದುಕೊಂಡಿತ್ತು, ಸೊಸೆ ಸ್ಪಂದನಾ ಬಸುರಿ. ಹಾಲು ಕರೆಯುವವರಿಲ್ಲದೆ ಮೂರೂ ಹಸುಗಳನ್ನು ಆಯನೂರಿನವರಿಗೆ ಕೊಟ್ಟರು. ಬೀದಿಯಲ್ಲಿ ಉಳಿದವರೂ ಒಬ್ಬೊಬ್ಬರಾಗಿ ಮಾರಿದರು. ಈ ಮಳೆಗಾಲದ ಹೊತ್ತಿಗೆ ಚಾನಲ್ ಬೀದಿಯ ಕೊಟ್ಟಿಗೆಗಳಲ್ಲಿ ಸೌದೆ ಇತ್ತು, ಬೈಕು ಇತ್ತು, ಹಸು ಇರಲಿಲ್ಲ.

ಜುಲೈಯಲ್ಲಿ ಜ್ವರ ಶುರುವಾಯಿತು. ದೂರದ ಊರಿಗೆ ಕೂಲಿಗೆ ಹೋಗಿ ಬಂದವನೊಬ್ಬ ಮೊದಲು ಮಲಗಿದ. ಆಮೇಲೆ ನಾಲ್ಕು ಮನೆ. ಏಳು ತಿಂಗಳಾಗಿದ್ದ ಸ್ಪಂದನಾ ನಡುಗಿ ನಡುಗಿ ಪ್ರಜ್ಞೆ ತಪ್ಪಿದಳು. ಆಸ್ಪತ್ರೆಯಲ್ಲಿ ತಾಯಿ ಉಳಿದಳು, ಮಗು ಉಳಿಯಲಿಲ್ಲ. ಗಂಡು ಮಗು.

ನವೀನ್ ಬೀದಿಗೆ ಬಂದು ಹೊಗೆ ಬಿಡಿಸಿದ, ಎಲ್ಲರ ರಕ್ತ ಪರೀಕ್ಷೆ ಮಾಡಿಸಿದ, ಜನರನ್ನು ಕೂರಿಸಿಕೊಂಡು ತಿಳಿಯುವ ಹಾಗೆ ಹೇಳಿದ. "ಇಲ್ಲಿನ ಸೊಳ್ಳೆ ಹಸುವಿನ ರಕ್ತ ಕುಡಿಯೋದು. ನಮ್ಮ ಹತ್ರ ವರದಿ ಇದೆ. ಹಸು ಇದ್ದಾಗ ಕೊಟ್ಟಿಗೆಗೆ ಹೋಗ್ತಿತ್ತು. ನೀವೆಲ್ಲ ಹಸು ಮಾರಿದ್ರಿ, ಅದಕ್ಕೆ ಹೊಟ್ಟೆಪಾಡಿಗೆ ಮನೆಯೊಳಗೆ ಬಂತು." ಬೀದಿಯ ಕೊನೆಯಲ್ಲಿ ನಾಲ್ಕಾರು ಹಸು ಕಟ್ಟಿಸಿದರೆ ಸೊಳ್ಳೆ ಮತ್ತೆ ಅತ್ತ ಹೋಗಬಹುದು, ಔಷಧಿ ಬೇಕಾಗದಿರಬಹುದು ಎಂದು ಮೇಲಿನವರಿಗೂ ಬರೆದ. ಶಾಸ್ತ್ರದಲ್ಲಿ ಇರುವ ಮಾತೇ ಅದು. ಹಸು ಹೋದರೆ ಇಂಥ ಸೊಳ್ಳೆ ಮನುಷ್ಯರ ಕಡೆ ತಿರುಗುವುದುಂಟು. ಆದರೆ ಈ ಬೀದಿಯ ಮಟ್ಟಿಗೆ ಆ ಮಾತು ನಿಂತದ್ದು ಜಗದಾಂಬಾಳ ಪೆನ್ಸಿಲಿನ ಮೇಲೆ. ಅದು ಅವಳೊಬ್ಬಳಿಗೇ ಗೊತ್ತು.

ಬೀದಿಯವರಿಗೆ ಶಾಸ್ತ್ರ ಅಷ್ಟೊಂದು ಬೇಕಾಗಿರಲಿಲ್ಲ. ಹಸು ಮಾರಿದ್ದಕ್ಕೆ ಮಗು ಹೋಯಿತು, ಇಷ್ಟು ಸಾಕಾಯಿತು. ಮೊದಲು ಮಾರಿದವರು ಕಲ್ಲಮ್ಮ. ಗೋವಿನ ಕಣ್ಣೀರು ಸುಮ್ಮನೆ ಬಿಡುತ್ತದೆಯೇ ಎಂದು ತಮ್ಮ ಹಸುವನ್ನೂ ಮಾರಿದ್ದ ಪುಷ್ಪಮ್ಮನೇ ಹೇಳಿಕೊಂಡು ತಿರುಗಿದಳು. ಮಾಡಿದವರ ಪಾಪ ಆಡಿದವರ ಬಾಯಲ್ಲಿ ಎನ್ನುತ್ತಾರೆ. ಆಡುವವರಿಗೆ ಆ ಗಾದೆ ನೆನಪಿರುವುದಿಲ್ಲ. ಸ್ಪಂದನಾ ಆಸ್ಪತ್ರೆಯಿಂದ ಬಂದ ದಿನದಿಂದ ಅತ್ತೆಯ ಜೊತೆ ಮಾತು ಬಿಟ್ಟಿದ್ದಳು. ಒಂದೇ ಒಲೆ, ಎರಡು ತಟ್ಟೆ, ಮಾತಿಲ್ಲ.

ರಕ್ತ ಪರೀಕ್ಷೆಯವರ ಜೊತೆ ಹೋಗಿದ್ದ ಜಗದಾಂಬಾಳನ್ನು ಕಲ್ಲಮ್ಮ ಖಾಲಿ ಕೊಟ್ಟಿಗೆಯ ಹತ್ತಿರ ತಡೆದರು. ಅವರ ಹಣೆಯಲ್ಲೂ ಈಗ ಕುಂಕುಮ ಇರಲಿಲ್ಲ, ಬರೀ ವಿಭೂತಿ. ಸೊಸೆಯ ಸೀಮಂತದ ದಿನ ಯಾರೂ ಹೇಳುವ ಮೊದಲೇ ತಾವಾಗಿ ಅಡುಗೆಮನೆ ಸೇರಿದವರು ಅವರು.

"ನೀನು ಸೊಳ್ಳೆ ಬಲ್ಲೋಳು. ನಿಜ ಹೇಳು ಜಗದಾಂಬಾ. ನಾನು ಹಸು ಮಾರಿದ್ದಕ್ಕೇ ಅಲ್ವಾ ನನ್ನ ಮೊಮ್ಮಗು ಹೋಗಿದ್ದು?"

ಬಿಸಿ ತುಪ್ಪ ಬಾಯಲ್ಲಿತ್ತು, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. "ಬಸ್ಸಿಗೆ ಹೊತ್ತಾಯ್ತಮ್ಮ" ಎಂದು ಜಗದಾಂಬಾ ಹೊರಟುಬಿಟ್ಟಳು. ಅನುಭವಿಸಲಿ ಎಂಬ ಮಾತು ಅವಳ ಮನಸ್ಸಿನಲ್ಲಿ ಒಂದು ಗಳಿಗೆ ಬಂದುಹೋದದ್ದು ಸುಳ್ಳಲ್ಲ. ಭದ್ರಾವತಿಯಿಂದ ಶಿವಮೊಗ್ಗ ಮುಟ್ಟುವುದರೊಳಗೆ ಆ ಮಾತಿಗೆ ಅವಳಿಗೇ ಹೇಸಿಗೆಯಾಯಿತು. ಸರ್ವಿಸ್ ಇನ್ನೂ ಹತ್ತು ವರ್ಷಕ್ಕೂ ಮೇಲೆ ಇತ್ತು. ರಕ್ಷಾಳದ್ದು ನರ್ಸಿಂಗ್ ಎರಡನೆಯ ವರ್ಷ. ಸುಳ್ಳು ದಾಖಲೆ ಬರೆದವಳನ್ನು ಯಾವ ಸರ್ಕಾರ ಇಟ್ಟುಕೊಳ್ಳುತ್ತದೆ? ನಾಲ್ಕು ದಿನ ಅವಳು ಅನ್ನ ಕಲಸಿ ಹಾಗೇ ಬಿಟ್ಟಳು. ಐದನೆಯ ದಿನ ನವೀನ್ ಮುಂದೆ ಹೋಗಿ ನಿಂತು, ಮೂರು ವರ್ಷದ ಹಿಂದೆ ತಾನು ಮಾಡಿದ್ದನ್ನು ಮಾಡಿದ ಹಾಗೇ ಹೇಳಿದಳು.

ನವೀನ್ ಹಳೆಯ ವರದಿಯ ಫೈಲು ತೆಗೆದು ಮುಂದಿಟ್ಟುಕೊಂಡ. "ಯಾಕೆ ಮೇಡಂ?"

"ಒಳಗೆ ಹೋಗ್ಲಿಲ್ಲ ಸರ್. ಅಷ್ಟೇ."

"ಇದನ್ನ ಬರ್ಕೊಟ್ರೆ ಎನ್‌ಕ್ವೈರಿ ಆಗುತ್ತೆ. ನಾನು ತಡೆಯೋಕಾಗಲ್ಲ." ಆಮೇಲೆ ಮೆಲ್ಲಗೆ, "ಹಸು ಮಾರಿದ್ದೇ ಕಾರಣ ಅಂತ ಇದ್ರೂ ಯಾರಿಗೂ ಗೊತ್ತಾಗಲ್ಲ," ಎಂದ. ಅವನಿಗೂ ಅಂಜಿಕೆ, ವರದಿಯ ಕೆಳಗೆ ಅವನದೇ ಸಹಿ.

"ಹಂಗಿದ್ರೆ ಔಷಧಿ ಬರಲ್ಲ ಸರ್, ನಾಲ್ಕು ಹಸು ಬರ್ತಾವೆ. ಇನ್ನೂ ಎರಡು ಮನೇಲಿ ಬಸುರಿಯರಿದಾರೆ," ಎಂದಳು. ಅಲ್ಲೇ ಕೂತು ಬರೆದುಕೊಟ್ಟಳು. ನವೀನ್ ಓದಿದ, ಮತ್ತೆ ಓದಿದ. ಬೀದಿಗೆ ವಾರದೊಳಗೆ ಔಷಧಿ ಹೊಡೆಸುವಂತೆ ಅವಳ ಕಣ್ಣೆದುರಿಗೇ ಪತ್ರ ಮಾಡಿಸಿದ.

ಮರುದಿನ ಬೆಳಗ್ಗೆ ಆರೂವರೆಗೆ ಅವಳು ಕಲ್ಲಮ್ಮನ ಮನೆಯ ಮುಂದೆ ನಿಂತಿದ್ದಳು. ಮಲ್ಲಿಕ್ ಪಾಳಿ ಮುಗಿಸಿ ಇನ್ನೂ ಬಂದಿರಲಿಲ್ಲ. ಕಲ್ಲಮ್ಮ ಜಗುಲಿಯಲ್ಲಿದ್ದರು. ಸ್ಪಂದನಾಳನ್ನೂ ಕರೆಯಿರಿ ಎಂದಳು. ಅವಳು ಬಂದು ಅತ್ತೆಯಿಂದ ದೂರಕ್ಕೆ, ಕಂಬಕ್ಕೆ ಒರಗಿ ನಿಂತಳು.

"ಹಸು ಮಾರಿದ್ದಕ್ಕೆ ಹೀಗಾಯ್ತು ಅಂತ ಯಾರೂ ಹೇಳೋ ಹಂಗಿಲ್ಲ," ಎಂದಳು ಜಗದಾಂಬಾ. "ಇಲ್ಲಿ ಸೊಳ್ಳೆ ಹಸುವಿನದೇ ರಕ್ತ ಕುಡಿಯುತ್ತೆ ಅಂತ ಹೇಳಿದ್ದು ನನ್ನ ಚೀಟಿ. ಆ ಚೀಟಿ ಸುಳ್ಳು. ಎಲ್ಲಾ ಕೊಟ್ಟಿಗೇಲಿ ಹಿಡಿದು, ಅರ್ಧ ಮನೇಲಿ ಹಿಡಿದೆ ಅಂತ ಬರೆದೆ. ಅದನ್ನ ನಂಬಿ ನಿಮ್ಮ ಬೀದಿಗೆ ಔಷಧಿ ನಿಲ್ಸಿದ್ರು. ಹಸು ಇದ್ದಾಗ್ಲೂ ಅವು ನಿಮ್ಮನ್ನ ಕಚ್ತಿದ್ವೋ ಏನೋ. ನಾನು ಒಳಗೆ ಬಂದು ನೋಡ್ಲಿಲ್ಲ."

ಸ್ಪಂದನಾ ನಿಧಾನವಾಗಿ ಕೇಳಿದಳು: "ಒಳಗೆ ಬಂದು ನೋಡಿದ್ರೆ ನನ್ನ ಮಗು ಉಳೀತಿತ್ತಾ ಅಕ್ಕಾ?"

"ಗೊತ್ತಿಲ್ಲಮ್ಮ. ಉಳೀಬಹುದಿತ್ತು."

"ಯಾಕೆ ಬರ್ಲಿಲ್ಲ?"

ಬಸ್ಸಿನಲ್ಲಿ ಬರುವಾಗಲೇ ಜಗದಾಂಬಾ ಇದಕ್ಕೆ ಉತ್ತರ ಕಟ್ಟಿಕೊಂಡಿದ್ದಳು. ಭಾರ ಇಳಿಸಲು ಬಂದವಳು ಇನ್ನೊಂದು ಭಾರ ಹೊರಿಸಿ ಹೋಗಬಾರದು. "ಸೋಮಾರಿತನ ಕಣಮ್ಮ," ಎಂದಳು. "ಮನೆ ಮನೆ ಹೊಕ್ಕು ಹುಡುಕೋದಕ್ಕೆ ಬೇಜಾರು. ಕೊಟ್ಟಿಗೇಲಿ ಬೇಗ ಸಿಕ್ತಿತ್ತು."

"ಸುಳ್ಳು ಹೇಳ್ಬೇಡ," ಎಂದರು ಕಲ್ಲಮ್ಮ.

ಅವರು ಕಂಬ ಹಿಡಿದು ಎದ್ದು ನಿಂತರು. ಸೊಸೆಯ ಮುಖ ನೋಡಿ ಮಾತಾಡಿದರು. "ಅವಳು ಬಂದಿದ್ಲು ಸ್ಪಂದನಾ. ಮೂರು ತಿಂಗಳು, ವಾರ ವಾರಾನೂ ಇದೇ ಹೊತ್ತಿಗೆ ಬಂದಿದ್ಲು. ನಾನೇ ಒಳಗೆ ಬಿಡ್ಲಿಲ್ಲ. ಗಂಡ ಇಲ್ದೋಳ ಮುಖ ಬೆಳಗ್ಗೆ ಬೆಳಗ್ಗೆ ನಿಮ್ಮ ಮಾವನ ಕಣ್ಣಿಗೆ ಬೀಳ್ಬಾರ್ದು ಅಂತ. ಅವರೂ ಉಳೀಲಿಲ್ಲ." ಸೆರಗು ಬಾಯಿಗೆ ಒತ್ತಿಕೊಂಡರು.

ಜಗದಾಂಬಾಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮೂರು ವರ್ಷ ಅವಳು ಯಾರ ಹತ್ತಿರವೂ ಹೇಳಲಾಗದ ಮಾತನ್ನು ಆ ಮುದುಕಿ ಬೆಳಗಿನ ಬೆಳಕಿನಲ್ಲಿ, ತಾನೇ ತಾನಾಗಿ ಹೇಳಿಬಿಟ್ಟಿದ್ದರು. ಕೇಳಿ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಅವರಿಬ್ಬರ ಮೇಲೂ, ತನ್ನನ್ನೂ ಸೇರಿಸಿ ಮೂವರ ಮೇಲೂ ಮರುಕ ಬಂತು.

ಸ್ಪಂದನಾ ಇಬ್ಬರಲ್ಲಿ ಯಾರನ್ನೂ ಬೈಯಲಿಲ್ಲ. ಹೊಸ್ತಿಲ ಒಳಗೆ ಸರಿದು ನಿಂತು, "ಅಕ್ಕಾ, ಬನ್ನಿ," ಎಂದಳು. "ಅದು ಎಲ್ಲಿ ಕೂತಿರುತ್ತೆ, ನಾನು ನೋಡ್ಬೇಕು."

ಒಳಕೋಣೆಯ ಕಿಟಕಿ ಮುಚ್ಚಿತ್ತು. ಜಗದಾಂಬಾ ಟಾರ್ಚ್ ಹಚ್ಚಿ ಬಾಗಿಲ ಹಿಂದೆ ನೋಡಿದಳು, ಬೀರುವಿನ ಸಂದಿಯಲ್ಲಿ ನೋಡಿದಳು. ಮಂಚದ ತಲೆಯ ಕಡೆ ಗೂಟಕ್ಕೆ ಸಿಕ್ಕಿಸಿದ್ದ ಸೀರೆಯನ್ನು ಬೆರಳಿಂದ ಸರಿಸಿದಳು. ಅಲ್ಲಿ ಗೋಡೆಯ ಮೇಲೆ, ತಲೆ ತಗ್ಗಿಸಿ ಹಿಂಭಾಗ ಎತ್ತಿ, ಒಂದು ಕೂತಿತ್ತು. ಹೊಟ್ಟೆ ದುಂಡಗೆ, ಕಡುಕೆಂಪಗೆ ಇತ್ತು. ಕಲ್ಲಮ್ಮ ಬಾಗಿಲಲ್ಲೇ ನಿಂತರು.

"ಇದು ಯಾರ ರಕ್ತ?" ಸ್ಪಂದನಾ ಪಿಸುಗುಟ್ಟಿದಳು.

ಬೀದಿಯಲ್ಲಿ ಹಸು ಇಲ್ಲ. ಮಲ್ಲಿಕ್ ರಾತ್ರಿ ಮನೆಯಲ್ಲಿ ಇರುವುದಿಲ್ಲ. ಮಗು ಹೋದಂದಿನಿಂದ ಆ ಕೋಣೆಯಲ್ಲಿ ಮಲಗುವವಳು ಒಬ್ಬಳೇ. ಇದಕ್ಕೆ ಬೆಂಗಳೂರಿನವರು ಹೇಳಬೇಕಾದ್ದು ಏನೂ ಇರಲಿಲ್ಲ.

"ನಿಂದು ಕಣಮ್ಮ," ಎಂದಳು ಜಗದಾಂಬಾ.

ಸ್ಪಂದನಾ ಬಗ್ಗಿ, ದಿಂಬಿನ ಮೇಲೆ ಒಂದು ಕೈ ಇಟ್ಟಳು, ಇನ್ನೊಂದು ಕೈಯನ್ನು ಗೋಡೆಯ ಕಡೆ ಚಾಚಿ ಅಳೆದಳು. ಮೊಳ ತುಂಬಲಿಲ್ಲ.

"ಇಷ್ಟು ಹತ್ತಿರ ಇತ್ತಲ್ಲ ಅತ್ತೆ," ಎಂದಳು.